ತೂಗುವುದು ಬೇಯಿಸುವ ಮೊದಲೋ, ಬೆಂದ ಮೇಲೋ? ಕ್ಯಾಲೊರಿ ಲೆಕ್ಕ ಇಡುವವರಿಗೆ ಒಂದು ಹೋಲಿಕೆ

ಕನ್ನಡದಲ್ಲಿ ಅಕ್ಕಿಗೆ ಒಂದು ಹೆಸರು, ಅನ್ನಕ್ಕೆ ಇನ್ನೊಂದು. ನೂರು ಗ್ರಾಂ ಅಕ್ಕಿ ಎಂದರೆ ಒಲೆಗೆ ಏರುವ ಮುಂಚಿನದು, ನೂರು ಗ್ರಾಂ ಅನ್ನ ಎಂದರೆ ಇಳಿಸಿದ ಮೇಲಿನದು. ಇದರಲ್ಲಿ ಯಾರಿಗೂ ಗೊಂದಲವಿಲ್ಲ. ಆದರೆ ಕ್ಯಾಲೊರಿ ಆ್ಯಪ್‌ಗಳಲ್ಲಿ ಎರಡಕ್ಕೂ ‘ರೈಸ್’ ಎಂಬ ಒಂದೇ ಹೆಸರು. ಕೋಳಿಮಾಂಸ, ಕಡಲೆ, ಪಾಸ್ತಾ, ಆಲೂಗಡ್ಡೆಗಳಿಗಂತೂ ನಮ್ಮಲ್ಲೂ ಎರಡೆರಡು ಹೆಸರಿಲ್ಲ. ಲೆಕ್ಕ ಕೆಡುವುದು ಅಲ್ಲೇ.

ಎಷ್ಟು ಕೆಡುತ್ತದೆ ಎಂಬುದನ್ನು ನೋಡಿ. ತಟ್ಟೆಯಲ್ಲಿ 200 ಗ್ರಾಂ ಅನ್ನ ಇದೆ. ಅದನ್ನು ಅನ್ನವೆಂದೇ ಬರೆದರೆ 260 ಕ್ಯಾಲೊರಿ. ಅದೇ 200 ಗ್ರಾಂ ಅನ್ನು ಅಕ್ಕಿಯ ಎಂಟ್ರಿಯಲ್ಲಿ ಹಾಕಿದರೆ 730. ಒಂದೇ ಊಟದಲ್ಲಿ 470ರ ತಪ್ಪು. ಉಲ್ಟಾ ತಪ್ಪೂ ಆಗುತ್ತದೆ: 75 ಗ್ರಾಂ ಅಕ್ಕಿ ಅಳೆದು ಅನ್ನದ ಎಂಟ್ರಿ ಒತ್ತಿದರೆ 274 ಇರಬೇಕಾದಲ್ಲಿ 98 ಬೀಳುತ್ತದೆ. ಮೊದಲನೆಯವರು ತಿಂದದ್ದಕ್ಕಿಂತ ಹೆಚ್ಚು ಬರೆದು ಹಸಿದುಕೊಂಡಿರುತ್ತಾರೆ. ಎರಡನೆಯವರು ತಿಂಗಳುಗಟ್ಟಲೆ ಶಿಸ್ತಿನಿಂದ ಬರೆದರೂ ತೂಕ ಯಾಕೆ ಇಳಿಯುತ್ತಿಲ್ಲ ಎಂದು ತಲೆ ಕೆಡಿಸಿಕೊಳ್ಳುತ್ತಾರೆ. ಇಬ್ಬರ ಶ್ರಮವೂ ವ್ಯರ್ಥ.

ಹಾಗಾಗಿ ಮೊದಲೇ ಹೇಳಿಬಿಡುತ್ತೇವೆ. ಹಸಿಯಾಗಿ ತೂಗಿದರೂ ಸರಿ, ಬೆಂದ ಮೇಲೆ ತೂಗಿದರೂ ಸರಿ. ತೂಕ ಯಾವ ಸ್ಥಿತಿಯದೋ ಎಂಟ್ರಿಯೂ ಅದೇ ಸ್ಥಿತಿಯದಾಗಿರಬೇಕು. ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಹಸಿ ತೂಕವನ್ನೇ ಹಿಡಿಯಿರಿ. ಒಂದೇ ಪಾತ್ರೆಯಿಂದ ನಾಲ್ಕು ಜನ ಉಣ್ಣುವ ಮನೆಯಾದರೆ ಎರಡನ್ನೂ ಸೇರಿಸುವ ಮೂರನೆಯ ದಾರಿಯೊಂದಿದೆ, ಅದೇ ಉತ್ತಮ.

ಒಲೆಯ ಮೇಲೆ ಬದಲಾಗುವುದೇನು

ಬಹುಪಾಲು ನೀರು, ಅಷ್ಟೇ. ನೀರಿಗೆ ತೂಕವಿದೆ, ಕ್ಯಾಲೊರಿ ಇಲ್ಲ. ಅಕ್ಕಿ, ಬೇಳೆ, ಪಾಸ್ತಾ ನೀರು ಕುಡಿದು ಉಬ್ಬುತ್ತವೆ. ಅದೇ ಕ್ಯಾಲೊರಿ ಹೆಚ್ಚು ಗ್ರಾಂಗಳಲ್ಲಿ ಹಂಚಿಹೋಗುತ್ತದೆ. ಮಾಂಸ, ಮೀನು, ಅಣಬೆ ನೀರು ಬಿಟ್ಟು ಕುಗ್ಗುತ್ತವೆ. ಅದೇ ಕ್ಯಾಲೊರಿ ಕಡಿಮೆ ಗ್ರಾಂಗಳಲ್ಲಿ ಒತ್ತಾಗಿ ಕೂರುತ್ತದೆ. ಆದ್ದರಿಂದ ಎಂಟ್ರಿ ಅದಲುಬದಲಾದಾಗ ಕಾಳುಕಡ್ಡಿಯದು ಒಂದು ದಿಕ್ಕಿನ ತಪ್ಪು, ಮಾಂಸದ್ದು ಅದಕ್ಕೆ ವಿರುದ್ಧ ದಿಕ್ಕಿನ ತಪ್ಪು. ಎರಡೂ ಒಂದನ್ನೊಂದು ಸರಿದೂಗಿಸುತ್ತವೆ ಎಂದು ನಂಬಿ ಕೂರಬೇಡಿ. ಅನ್ನದ ತಪ್ಪು ಮಾಂಸದ ತಪ್ಪಿಗಿಂತ ಎಷ್ಟೋ ದೊಡ್ಡದು.

ಅಮೆರಿಕದ ಕೃಷಿ ಇಲಾಖೆಯ ಆಹಾರ ದತ್ತಾಂಶದಲ್ಲಿ ಕಾಣುವ ಅಂಕಿಗಳು ಹೆಚ್ಚುಕಡಿಮೆ ಹೀಗಿವೆ. ಬಹಳಷ್ಟು ಆ್ಯಪ್‌ಗಳು ಬಳಸುವುದೂ ಇವನ್ನೇ.

| ಪದಾರ್ಥ | ಹಸಿ ಅಥವಾ ಒಣ, 100 ಗ್ರಾಂಗೆ | ಬೆಂದದ್ದು, 100 ಗ್ರಾಂಗೆ | 100 ಗ್ರಾಂ ಬೆಂದು ಎಷ್ಟಾಗುತ್ತದೆ |
|---|---|---|---|
| ಬಿಳಿ ಅಕ್ಕಿ | 365 | 130 | ಸುಮಾರು 280 ಗ್ರಾಂ |
| ಪಾಸ್ತಾ | 371 | 158 | ಸುಮಾರು 235 ಗ್ರಾಂ |
| ಮಸೂರ | 352 | 116 | ಸುಮಾರು 300 ಗ್ರಾಂ |
| ಕಾಬೂಲಿ ಕಡಲೆ | 378 | 164 | ಸುಮಾರು 230 ಗ್ರಾಂ |
| ಓಟ್ಸ್, ನೀರಿನಲ್ಲಿ | 379 | 71 | 500 ಗ್ರಾಂ ದಾಟುತ್ತದೆ |
| ಚರ್ಮ ತೆಗೆದ ಕೋಳಿ ಎದೆಮಾಂಸ | 120 | 165 | ಸುಮಾರು 75 ಗ್ರಾಂ |
| ಮೊಟ್ಟೆ | 143 | 155 | ಬಹುತೇಕ ಅಷ್ಟೇ |

ಕೊನೆಯ ಕಾಲಮ್ಮನ್ನು ಸರಾಸರಿ ಎಂದಷ್ಟೇ ತಿಳಿಯಿರಿ. ಬೆಂದ ತೂಕದ ನಿಜವಾದ ತೊಂದರೆ ಇರುವುದು ಅಲ್ಲಿಯೇ.

ಹಸಿ ತೂಕವನ್ನು ಯಾಕೆ ನಂಬಬಹುದು

ನೂರು ಗ್ರಾಂ ಒಣ ಅಕ್ಕಿ ಇಂದಿಗೂ ನಾಳೆಗೂ ಒಂದೇ. ನೂರು ಗ್ರಾಂ ಅನ್ನ ಹಾಗಲ್ಲ. ಉದುರುದುರಾಗಿ ಬೇಯಿಸಿದಾಗ 100 ಗ್ರಾಂ ಅಕ್ಕಿ 250 ಗ್ರಾಂ ಅನ್ನವಾದೀತು. ನೀರು ಹೆಚ್ಚಾಗಿ ಮೆತ್ತಗೆ ಮಾಡಿದರೆ 320 ಗ್ರಾಂ ಕೂಡ ಆದೀತು. ಮೊದಲನೆಯದರಲ್ಲಿ 100 ಗ್ರಾಂಗೆ 146 ಕ್ಯಾಲೊರಿ, ಎರಡನೆಯದರಲ್ಲಿ 114. ಆ್ಯಪ್‌ಗೆ ಮಾತ್ರ ಎರಡೂ 130. 200 ಗ್ರಾಂ ತಟ್ಟೆಯಲ್ಲಿ ಈ ಎರಡು ಅನ್ನಗಳ ನಡುವೆ 64 ಕ್ಯಾಲೊರಿ ವ್ಯತ್ಯಾಸ, ಅದೂ ಎಂಟ್ರಿ ಸರಿಯಾಗಿಯೇ ಆರಿಸಿದ ಮೇಲೆ.

ಮಾಂಸದಲ್ಲೂ ಇದೇ ಕಥೆ. 200 ಗ್ರಾಂ ಹಸಿ ಎದೆಮಾಂಸದಲ್ಲಿ 240 ಕ್ಯಾಲೊರಿ. ಒಳಗೆ 74 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತಿದ್ದಂತೆ ಇಳಿಸಿದರೆ 150 ಗ್ರಾಂ ಉಳಿಯಬಹುದು: 100 ಗ್ರಾಂಗೆ 160. ಇನ್ನೂ ಹತ್ತು ನಿಮಿಷ ಬಿಟ್ಟು ಒಣಗಿಸಿದರೆ 130 ಗ್ರಾಂ: 100 ಗ್ರಾಂಗೆ 185. ಬೆಂದ ಮಾಂಸದ ಎಂಟ್ರಿ ಯಾರದೋ ಒಲೆಯಲ್ಲಿ, ಯಾರದೋ ಹದದಲ್ಲಿ ಬೆಂದದ್ದು. ನಿಮ್ಮ ಬಾಣಲೆಯ ಹದ ಅದಕ್ಕೆ ಗೊತ್ತಿಲ್ಲ.

ಪೊಟ್ಟಣದ ಲೇಬಲ್ ಕೂಡ ಸಾಮಾನ್ಯವಾಗಿ ಮಾರುವ ಸ್ಥಿತಿಯ ಅಂಕಿಯನ್ನೇ ಕೊಡುತ್ತದೆ. ಪಾಸ್ತಾ ಪೊಟ್ಟಣದ ಮೇಲೆ 100 ಗ್ರಾಂಗೆ 350ರಿಂದ 375 ಎಂದಿದ್ದರೆ ಅದು ಒಣ ಪಾಸ್ತಾದ ಲೆಕ್ಕ. ಕೆಲವು ಪೊಟ್ಟಣಗಳಲ್ಲಿ ‘ತಯಾರಿಸಿದ ನಂತರ’ ಎಂಬ ಇನ್ನೊಂದು ಕಾಲಮ್ ಇರುತ್ತದೆ, ಹಾಲು ಅಥವಾ ಬೆಣ್ಣೆ ಸೇರಿಸಿದ ಲೆಕ್ಕವೂ ಅದರಲ್ಲಿ ಬಂದಿರಬಹುದು. ಅಂಥ ಕಡೆ ಎರಡು ಕಾಲಮ್‌ಗಳ ತಲೆಬರಹ ಓದಿಯೇ ಅಂಕಿ ತೆಗೆದುಕೊಳ್ಳಿ.

ಒಬ್ಬರಿಗೇ ಅಡುಗೆ, ಮಾಡಿದ್ದೆಲ್ಲ ಒಂದೇ ಊಟಕ್ಕೆ ಮುಗಿಯುತ್ತದೆ ಎಂದಾದರೆ ಹಸಿ ತೂಕಕ್ಕಿಂತ ಸುಲಭ ಬೇರೆ ಇಲ್ಲ. ಅಳೆದು ಹಾಕಿ, ಬರೆದು, ಮರೆತುಬಿಡಿ.

ಬೆಂದ ಮೇಲೆ ತೂಗುವುದೇ ಸರಿ ಎನ್ನುವ ಸಂದರ್ಭಗಳು

ಬೇರೆಯವರು ಮಾಡಿ ಬಡಿಸಿದ ಊಟದಲ್ಲಿ ಹಸಿ ತೂಕ ಸಿಗುವುದಿಲ್ಲ. ಡಬ್ಬಿಯಲ್ಲಿ ಬರುವ ಬೆಂದ ಕಾಳುಗಳನ್ನು ನೀರು ಸೋಸಿ ತೂಗಿ, ಬೆಂದ ಎಂಟ್ರಿಯನ್ನೇ ಬಳಸಬೇಕು. ಇಡೀ ಕೋಳಿ ಸುಟ್ಟಾಗ ಹಸಿ ತೂಕದಲ್ಲಿ ಮೂಳೆಯೂ ಸೇರಿರುತ್ತದೆ, ಆಗ ಬೆಂದ ಮಾಂಸವನ್ನು ಬಿಡಿಸಿ ತೂಗುವುದೇ ವಾಸಿ. ಸಿಪ್ಪೆ ಸಮೇತ ಬೇಯಿಸಿ ಆಮೇಲೆ ಸುಲಿಯುವ ಆಲೂಗಡ್ಡೆಯೂ ಹಾಗೆಯೇ; ಹಸಿಯದು ಬೆಂದದ್ದು ಎರಡೂ 100 ಗ್ರಾಂಗೆ 77ರಿಂದ 87ರ ಒಳಗೇ ಇರುವುದರಿಂದ ಅಲ್ಲಿ ಆತಂಕ ಬೇಡ. (ಹುರಿದ, ಕರಿದ ಆಲೂಗಡ್ಡೆಗೆ ಈ ಮಾತು ಅನ್ವಯಿಸುವುದಿಲ್ಲ. ಎಣ್ಣೆಯಲ್ಲಿ ಕರಿದ ಫ್ರೈಸ್ 100 ಗ್ರಾಂಗೆ 312: ನೀರು ಹೊರಗೆ ಹೋಗಿ ಎಣ್ಣೆ ಒಳಗೆ ಬಂದಿರುತ್ತದೆ.)

ಕೊಬ್ಬು ಕರಗಿ ಹೊರಟುಹೋಗುವ ಮಾಂಸವನ್ನು ಇಲ್ಲಿಯೇ ಹೇಳಬೇಕು. ಶೇ 20ರಷ್ಟು ಕೊಬ್ಬಿರುವ ಖೀಮಾ ಹಸಿಯಾಗಿ 100 ಗ್ರಾಂಗೆ ಸುಮಾರು 250 ಕ್ಯಾಲೊರಿ. ಬಾಣಲೆಯಲ್ಲಿ ಹುರಿದು, ತೇಲುವ ಕೊಬ್ಬನ್ನು ಬಸಿದು ಚೆಲ್ಲಿದರೆ, ನೀರಿನ ಜೊತೆಗೆ ನಿಜವಾದ ಕ್ಯಾಲೊರಿಯೇ ಪಾತ್ರೆಯಿಂದ ಆಚೆ ಹೋದಂತೆ. ಹಸಿ ಎಂಟ್ರಿ ಇಲ್ಲಿ ಹೆಚ್ಚು ತೋರಿಸುತ್ತದೆ. ‘ಬೇಯಿಸಿ ಬಸಿದದ್ದು’ ಎಂದು ಸ್ಪಷ್ಟವಾಗಿರುವ ಎಂಟ್ರಿ ಹುಡುಕಿ, ಬಸಿದ ಮೇಲಿನ ತೂಕ ಹಾಕಿ. ಆ ಕೊಬ್ಬು ಸಾರಿನಲ್ಲೇ ಉಳಿದು ತಟ್ಟೆಗೆ ಬರುವುದಾದರೆ ಹಸಿ ಎಂಟ್ರಿಯೇ ಸರಿ.

ಹಂಚಿಕೊಂಡು ಉಣ್ಣುವ ಮನೆಗೆ: ಪಾತ್ರೆಯ ಲೆಕ್ಕ

ಹಸಿ ತೂಕದ ನಿಖರತೆಯನ್ನೂ ಬೆಂದ ತೂಕದ ಅನುಕೂಲವನ್ನೂ ಒಟ್ಟಿಗೆ ಕೊಡುವ ವಿಧಾನ ಇದು. ಕ್ಯಾಲೊರಿಯನ್ನು ಹಸಿ ಪದಾರ್ಥಗಳಿಂದ ಕೂಡಿಸುತ್ತೇವೆ, ಹಂಚುವುದನ್ನು ಬೆಂದ ತೂಕದಿಂದ ಮಾಡುತ್ತೇವೆ.

ಮೊದಲು ಖಾಲಿ ಪಾತ್ರೆಯನ್ನು ತೂಗಿ ಬರೆದಿಡಿ. ಇದೊಂದು ಸಲ ಮಾಡಿದರೆ ಸಾಕು. ದಿನ ಬಳಸುವ ನಾಲ್ಕೈದು ಪಾತ್ರೆಗಳ ತೂಕವನ್ನು ಚೀಟಿಯಲ್ಲಿ ಬರೆದು ಅಡುಗೆಮನೆ ಕಪಾಟಿನ ಒಳಬಾಗಿಲಿಗೆ ಅಂಟಿಸಿ. ಪಾತ್ರೆ ತುಂಬಿದ ಮೇಲೆ ‘ಅಯ್ಯೋ, ಖಾಲಿ ತೂಕ ತೆಗೆದುಕೊಳ್ಳಲಿಲ್ಲ’ ಎಂದು ಪೇಚಾಡುವುದು ತಪ್ಪುತ್ತದೆ. ಮುಚ್ಚಳ, ಒಳಗೆ ಬಿಟ್ಟ ಸೌಟು ಇವುಗಳ ತೂಕ ಸೇರದಂತೆ ನೋಡಿಕೊಳ್ಳಿ.

ಒಂದು ಬೇಳೆಯ ಅಡುಗೆ ಮಾಡಿ ನೋಡೋಣ. ಮಸೂರ 200 ಗ್ರಾಂ, 704 ಕ್ಯಾಲೊರಿ. ಎಣ್ಣೆ 30 ಗ್ರಾಂ, 265. ಈರುಳ್ಳಿ 150 ಗ್ರಾಂ, 60. ಟೊಮೆಟೊ 200 ಗ್ರಾಂ, 36. ಒಟ್ಟು 1,065. ನೀರು ಎಷ್ಟು ಹಾಕಿದಿರಿ ಎಂದು ಬರೆಯಬೇಕಿಲ್ಲ. ಬೆಂದ ಮೇಲೆ ಪಾತ್ರೆ ಸಮೇತ 2,340 ಗ್ರಾಂ, ಖಾಲಿ ಪಾತ್ರೆ 1,120 ಗ್ರಾಂ. ಉಳಿದದ್ದು 1,220 ಗ್ರಾಂ. 1,065 ಅನ್ನು 1,220ರಿಂದ ಭಾಗಿಸಿದರೆ ಗ್ರಾಂ ಒಂದಕ್ಕೆ 0.873 ಕ್ಯಾಲೊರಿ. ನಿಮ್ಮ ಬಟ್ಟಲಿಗೆ 250 ಗ್ರಾಂ ಬಡಿಸಿಕೊಂಡರೆ 218.

ಆ್ಯಪ್‌ನಲ್ಲಿ ರೆಸಿಪಿ ಮಾಡುವಾಗ ‘ಎಷ್ಟು ಸರ್ವಿಂಗ್’ ಎಂದು ಕೇಳುತ್ತದೆ. ಅಲ್ಲಿ 4 ಎಂದು ಹಾಕಬೇಡಿ, 1220 ಎಂದು ಹಾಕಿ. ಆಗ ಒಂದು ಸರ್ವಿಂಗ್ ಎಂದರೆ ಒಂದು ಗ್ರಾಂ. 250 ಗ್ರಾಂ ತಿಂದರೆ 250 ಸರ್ವಿಂಗ್ ಎಂದು ಬರೆದರಾಯಿತು, ಭಾಗಾಕಾರ ಮಾಡುವ ಕೆಲಸ ಆ್ಯಪ್‌ನದು. ಅಷ್ಟು ದೊಡ್ಡ ಸಂಖ್ಯೆ ಒಪ್ಪದ ಆ್ಯಪ್ ಆದರೆ 122 ಹಾಕಿ, ಒಂದು ಸರ್ವಿಂಗ್ ಹತ್ತು ಗ್ರಾಂ ಎಂದುಕೊಳ್ಳಿ.

ಬರಿಯ ಅನ್ನಕ್ಕಾದರೆ ಇಷ್ಟೂ ಬೇಡ, ಪಾಲು ತಿಳಿದರೆ ಸಾಕು. 300 ಗ್ರಾಂ ಅಕ್ಕಿ ಬೆಂದು 840 ಗ್ರಾಂ ಅನ್ನವಾಯಿತು, ನಿಮ್ಮ ತಟ್ಟೆಗೆ 210 ಗ್ರಾಂ ಬಂತು. ಅದು ಕಾಲು ಭಾಗ. ಅಂದರೆ 75 ಗ್ರಾಂ ಅಕ್ಕಿ, 274 ಕ್ಯಾಲೊರಿ. ಅನ್ನ ಮೆತ್ತಗಾಗಿದ್ದರೂ ಬಿರುಸಾಗಿದ್ದರೂ ಈ ಲೆಕ್ಕ ಕದಲುವುದಿಲ್ಲ.

ಇದರಲ್ಲಿ ಎಡವುವ ಜಾಗಗಳೂ ಇವೆ. ಉಳಿದ ಅಡುಗೆಯನ್ನು ಮಾರನೆಯ ದಿನ ಬಿಸಿ ಮಾಡಿದಾಗ ನೀರು ಇಂಗುತ್ತದೆ. ರಾತ್ರಿ 600 ಗ್ರಾಂ ಉಳಿದಿತ್ತು, ಅಂದರೆ 524 ಕ್ಯಾಲೊರಿ. ಬಿಸಿ ಮಾಡಿ 540 ಗ್ರಾಂ ಆದರೆ ಗ್ರಾಂಗೆ 0.97, ಗಟ್ಟಿಯಾಯಿತೆಂದು ನೀರು ಬೆರೆಸಿ 700 ಗ್ರಾಂ ಮಾಡಿದರೆ 0.75. ನಿನ್ನೆಯ 0.873 ಇವತ್ತಿಗೆ ನಡೆಯುವುದಿಲ್ಲ. ಇದನ್ನು ತಪ್ಪಿಸಲು ಒಳ್ಳೆಯ ಉಪಾಯ: ಅಡುಗೆ ಆದ ದಿನವೇ ಉಳಿದದ್ದನ್ನು ಡಬ್ಬಿಗಳಿಗೆ ತೂಗಿ ತುಂಬಿ, ಮುಚ್ಚಳದ ಮೇಲೆ ಕ್ಯಾಲೊರಿ ಬರೆದಿಟ್ಟುಬಿಡಿ. ಆಮೇಲೆ ಆ ಡಬ್ಬಿಗೆ ನೀರು ಬೆರೆಸಿದರೂ ಇಂಗಿದರೂ ಒಳಗಿನ ಕ್ಯಾಲೊರಿ ಅಷ್ಟೇ.

ಇನ್ನೊಂದು, ಹೋಳುಗಳ ಸಮಸ್ಯೆ. ಮಾಂಸದ ತುಂಡುಗಳಿರುವ ಸಾರಿನಲ್ಲಿ ಒಬ್ಬರಿಗೆ ತುಂಡೆಲ್ಲ, ಇನ್ನೊಬ್ಬರಿಗೆ ರಸವೆಲ್ಲ ಬಿದ್ದರೆ ಗ್ರಾಂ ಲೆಕ್ಕ ಇಬ್ಬರಿಗೂ ಸುಳ್ಳಾಗುತ್ತದೆ. ತುಂಡುಗಳನ್ನು ಎತ್ತಿ ಬೇರೆ ತೂಗಿ, ಒಟ್ಟು ತುಂಡುಗಳಲ್ಲಿ ನಿಮ್ಮ ಪಾಲೆಷ್ಟು ಎಂದು ನೋಡಿ, ಹಸಿ ಮಾಂಸದ ಕ್ಯಾಲೊರಿಯನ್ನು ಆ ಪ್ರಮಾಣದಲ್ಲಿ ಹಂಚಿ; ರಸವನ್ನು ಎಣ್ಣೆ ಈರುಳ್ಳಿಗಳ ಲೆಕ್ಕದಲ್ಲಿ ಬೇರೆಯಾಗಿ ಹಿಡಿಯಿರಿ.

ಹಿಟ್ಟು ಕಲಸಿ ಮಾಡುವ ರೊಟ್ಟಿಗೆ ಇದೇ ಲೆಕ್ಕವನ್ನು ಬೇಯಿಸುವ ಮೊದಲೇ ಮುಗಿಸಬಹುದು. 300 ಗ್ರಾಂ ಗೋಧಿ ಹಿಟ್ಟು, 180 ಗ್ರಾಂ ನೀರು, 10 ಗ್ರಾಂ ಎಣ್ಣೆ: ಕಣಕ 490 ಗ್ರಾಂ, ಸುಮಾರು 1,108 ಕ್ಯಾಲೊರಿ. 49 ಗ್ರಾಂ ಉಂಡೆ ಕಟ್ಟಿದರೆ ಒಂದೊಂದೂ 111. ಕಾವಲಿಯ ಮೇಲೆ ಎಷ್ಟು ನೀರು ಆರಿತು ಎಂಬ ಗೊಡವೆ ಬೇಡ. ಮೇಲೆ ಸವರುವ ಎಣ್ಣೆಯನ್ನು ಮಾತ್ರ ಬೇರೆ ಬರೆಯಿರಿ.

ಎಣ್ಣೆ

ಹಸಿಯೋ ಬೆಂದದ್ದೋ ಎಂದು ದಿನವೆಲ್ಲ ವಾದಿಸಿ, ಎಣ್ಣೆಯನ್ನು ಬಾಟಲಿಯಿಂದ ಹಾಗೇ ಸುರಿಯುವವರು ಬಹಳ. ಎಣ್ಣೆ ಗ್ರಾಂಗೆ ಸುಮಾರು 9 ಕ್ಯಾಲೊರಿ. 15 ಮಿಲಿ ಅಳತೆಯ ಚಮಚ ಒಂದರಲ್ಲಿ 13.5 ಗ್ರಾಂ, ಹತ್ತಿರ ಹತ್ತಿರ 120 ಕ್ಯಾಲೊರಿ. ಮನೆಯ ಚಮಚ ಆ ಅಳತೆಯದೇ ಎಂಬ ಖಾತರಿಯಿಲ್ಲ.

ಎಣ್ಣೆಯನ್ನು ಬಾಣಲೆಗೆ ಸುರಿಯುತ್ತಾ ತೂಗಬೇಡಿ. ಬಾಟಲಿಯನ್ನೇ ಸ್ಕೇಲ್ ಮೇಲಿಟ್ಟು ಟೇರ್ ಒತ್ತಿ ಸೊನ್ನೆ ಮಾಡಿ. ಬಾಟಲಿ ಎತ್ತಿ, ಬೇಕಾದಷ್ಟು ಸುರಿದು, ಮತ್ತೆ ಸ್ಕೇಲ್ ಮೇಲಿಡಿ. −12 ಎಂದು ತೋರಿಸಿದರೆ 12 ಗ್ರಾಂ ಬಳಕೆಯಾಯಿತು. ಬೆಣ್ಣೆ, ಜೇನು, ಶೇಂಗಾ ಬೆಣ್ಣೆಗೂ ಇದೇ ರೀತಿ. ಚಮಚಕ್ಕೆ ಅಂಟಿಕೊಂಡದ್ದೂ ಲೆಕ್ಕಕ್ಕೆ ಬರುತ್ತದೆ.

ಕರಿಯುವಾಗ ಬಾಣಲೆಯಲ್ಲಿರುವ ಎಣ್ಣೆಯೆಲ್ಲ ತಿಂದಂತಲ್ಲ. ಶುರುವಿನಲ್ಲಿ ಎಣ್ಣೆ ಸಮೇತ ಬಾಣಲೆ ತೂಗಿ, ಕರಿದು ಪೂರ್ತಿ ತಣ್ಣಗಾದ ಮೇಲೆ ಮತ್ತೆ ತೂಗಿ. 60 ಗ್ರಾಂ ಕಡಿಮೆಯಾಗಿದ್ದರೆ ಸುಮಾರು 530 ಕ್ಯಾಲೊರಿ ತಿಂಡಿಯೊಳಗೆ ಹೋಗಿದೆ, ಸ್ವಲ್ಪ ಕಾಗದಕ್ಕೆ ಹೀರಿದೆ. ಇದು ಅಂದಾಜೇ ಹೌದು, ಆದರೂ ಊಹೆಗಿಂತ ಎಷ್ಟೋ ಮೇಲು. ಬಿಸಿ ಎಣ್ಣೆಯ ಬಾಣಲೆಯನ್ನು ಸ್ಕೇಲ್‌ಗೆ ಎತ್ತಿಡುವ ಸಾಹಸ ಮಾತ್ರ ಬೇಡ.

ಎಂಟ್ರಿ ಯಾವ ಸ್ಥಿತಿಯದೆಂದು ಗುರುತಿಸುವುದು

ಆ್ಯಪ್‌ಗಳಲ್ಲಿ ಬಳಕೆದಾರರೇ ಸೇರಿಸಿದ ಎಂಟ್ರಿಗಳು ಹೇರಳ, ಹಸಿಯೋ ಬೆಂದದ್ದೋ ಎಂಬ ಸುಳಿವೇ ಇರುವುದಿಲ್ಲ. ಹೆಸರು ನೋಡಬೇಡಿ, 100 ಗ್ರಾಂಗೆ ಇರುವ ಅಂಕಿ ನೋಡಿ. ಅಕ್ಕಿಯಲ್ಲಿ ಕಾರ್ಬೋಹೈಡ್ರೇಟ್ 80 ಗ್ರಾಂ ಇದ್ದರೆ ಒಣದು, 28ರ ಆಸುಪಾಸು ಇದ್ದರೆ ಅನ್ನ. ಪಾಸ್ತಾದಲ್ಲಿ 75 ಒಣದು, 31 ಬೆಂದದ್ದು. ಕೋಳಿ ಎದೆಮಾಂಸದಲ್ಲಿ ಪ್ರೊಟೀನ್ 22–23 ಗ್ರಾಂ ಹಸಿ, 31 ಬೆಂದದ್ದು. ಒಣ ಧಾನ್ಯ, ಕಾಳುಗಳಲ್ಲಿ ಹೆಚ್ಚಿನವು 100 ಗ್ರಾಂಗೆ ಸುಮಾರು 340ರಿಂದ 380 ಕ್ಯಾಲೊರಿಯ ನಡುವೆ ಕೂರುತ್ತವೆ. ಎಂಟ್ರಿಯಲ್ಲಿ 70ರಿಂದ 165 ಕಂಡರೆ ಅದು ಬೆಂದದ್ದು. ಈ ಎರಡಕ್ಕೂ ಸೇರದೆ ‘ಅಕ್ಕಿ, 210’ ಎಂಬಂಥ ಅಂಕಿ ಕಂಡರೆ ಎಣ್ಣೆ ಬೆರೆತ ಅಡುಗೆಯಿರಬೇಕು, ಇಲ್ಲವೇ ತಪ್ಪಿರಬೇಕು. ಮುಟ್ಟಬೇಡಿ.

ಸರಿಯಾದ ಎಂಟ್ರಿ ಸಿಕ್ಕ ತಕ್ಷಣ ಅದನ್ನು ಮೆಚ್ಚಿನವುಗಳ ಪಟ್ಟಿಗೆ ಸೇರಿಸಿ. ಪ್ರತಿ ಸಲ ಹುಡುಕಿದರೆ ಪ್ರತಿ ಸಲವೂ ತಪ್ಪುವ ಅವಕಾಶ.

ನೆನೆಸಿದ ಕಾಳು, ಮಂಜು, ಮೂಳೆ

ನೆನೆಸಿದ ಕಾಳು ಒಣದೂ ಅಲ್ಲ, ಬೆಂದದ್ದೂ ಅಲ್ಲ. ರಾತ್ರಿ ನೀರಿಗೆ ಹಾಕುವ ಮೊದಲೇ ತೂಗಿ. ಬೆಳಿಗ್ಗೆ ಉಬ್ಬಿದ ಕಡಲೆ ಹೆಚ್ಚುಕಡಿಮೆ ಎರಡು ಪಟ್ಟು ತೂಗುತ್ತದೆ, ಅದನ್ನು ಒಣ ಎಂಟ್ರಿಗೆ ಹಾಕಿದರೆ ಕ್ಯಾಲೊರಿಯೂ ಎರಡು ಪಟ್ಟಾಗುತ್ತದೆ. ಫ್ರೀಜರ್‌ನ ಸಿಗಡಿ, ಮೀನಿನ ಮೇಲೆ ಮಂಜಿನ ಪದರ ಇರುತ್ತದೆ. ಕರಗಿಸಿ, ನೀರು ಬಸಿದು ತೂಗಿ. ಮೂಳೆಯ ಮಾಂಸವನ್ನು ಬೆಂದ ಮೇಲೆ ಮೂಳೆ ಸಮೇತ ತೂಗಿ, ತಿಂದು ಮುಗಿಸಿ ಮೂಳೆಗಳನ್ನು ತೂಗಿ ಕಳೆಯಿರಿ, ‘ಬೆಂದ ಮಾಂಸ, ಮೂಳೆ ಇಲ್ಲದ್ದು’ ಎಂಬ ಎಂಟ್ರಿ ಬಳಸಿ.

ಸ್ಕೇಲ್ ಮಾಡುವ ಮೋಸಗಳು

ಒಂದು ಗ್ರಾಂ ತೋರಿಸುವ, 5 ಕೆ.ಜಿ. ಹೊರುವ ಸ್ಕೇಲ್ ಮನೆಗೆ ಸಾಕು. 2 ಕೆ.ಜಿ. ಮಿತಿಯದಾದರೆ ತುಂಬಿದ ಕುಕ್ಕರ್ ಇಟ್ಟ ಕೂಡಲೇ ಎರರ್ ಬರುತ್ತದೆ. ಅಗಲದ ಪಾತ್ರೆ ಅಂಕಿಯನ್ನು ಮುಚ್ಚಿಬಿಟ್ಟರೆ ಸ್ಕೇಲ್ ಮೇಲೆ ಒಂದು ಬಟ್ಟಲು ಬೋರಲು ಹಾಕಿ, ಟೇರ್ ಒತ್ತಿ, ಅದರ ಮೇಲೆ ಪಾತ್ರೆ ಇಡಿ. ಬಿಸಿ ಪಾತ್ರೆಯನ್ನು ನೇರವಾಗಿ ಇಟ್ಟರೆ ಒಳಗಿನ ಸೆನ್ಸರ್‌ಗೆ ಕಾವು ತಟ್ಟಿ ಅಂಕಿ ಜಾರುತ್ತದೆ. ನಡುವೆ ಮರದ ಹಲಗೆ ಇರಲಿ.

ಇನ್ನೊಂದು ದೋಷ ಕಣ್ಣಿಗೆ ಕಾಣುವುದಿಲ್ಲ. ಎಷ್ಟೋ ಸ್ಕೇಲ್‌ಗಳು ಸಣ್ಣ ಏರಿಳಿತವನ್ನು ತಾವೇ ಸೊನ್ನೆಗೆ ತಂದುಕೊಳ್ಳುತ್ತವೆ. ಟೇರ್ ಒತ್ತಿದ ಮೇಲೆ ಎಣ್ಣೆಯನ್ನು ಎಳೆಯಾಗಿ ಬಿಟ್ಟರೆ, ಸಕ್ಕರೆಯನ್ನು ಚಿಟಿಕೆ ಚಿಟಿಕೆಯಾಗಿ ಉದುರಿಸಿದರೆ, 3–4 ಗ್ರಾಂ ಬಿದ್ದರೂ 0 ಎಂದೇ ತೋರಿಸುತ್ತದೆ. ಬಾಟಲಿಯನ್ನು ಎತ್ತಿ ಇಡುವ ವಿಧಾನದಲ್ಲಿ ಈ ತಪ್ಪು ಆಗುವುದಿಲ್ಲ.

ಸೊಪ್ಪು, ಸೌತೆ, ಅಣಬೆಗಳ ವಿಷಯದಲ್ಲಿ ಇಷ್ಟೆಲ್ಲ ಶ್ರಮ ಬೇಕಿಲ್ಲ. 200 ಗ್ರಾಂ ಅಣಬೆಯಲ್ಲಿ 44 ಕ್ಯಾಲೊರಿ. ಅದು ಬಾಣಲೆಯಲ್ಲಿ ಅರ್ಧಕ್ಕೆ ಇಳಿದ ಮೇಲೆ ತೂಗಿ ಹಸಿ ಎಂಟ್ರಿಗೇ ಹಾಕಿದರೂ ತಪ್ಪುವುದು 22. ಆ ಎರಡು ನಿಮಿಷವನ್ನು ಅದನ್ನು ಹುರಿಯಲು ಹಾಕಿದ ಎಣ್ಣೆ ತೂಗುವುದಕ್ಕೆ ಕೊಡಿ.